ಎರಡೂ ಹತ್ತು

ನಾಲ್ಕನೆಯ ಟ್ಯೂಬನ್ನು ಕೂರಿಸಿಬಿಟ್ಟರೆ ಗಡಿಯಾರ ಮುಗಿಯುತ್ತದೆ ಎಂದು ಗೊತ್ತಿದ್ದೇ ನಯನ ಬೆಳಗಿನಿಂದ ಬೇರೆ ಬೇರೆ ಕೆಲಸ ಹುಡುಕಿಕೊಂಡಿದ್ದಳು. ಒಂದು ಮಿಕ್ಸಿಯ ಕಾರ್ಬನ್ ಬದಲಾಯಿಸಿದಳು, ಇಸ್ತ್ರಿಪೆಟ್ಟಿಗೆಯ ವೈರು ಹಾಕಿದಳು, ಯಾರೂ ಹೇಳದಿದ್ದರೂ ಸ್ಕ್ರೂಗಳ ಡಬ್ಬಿಯನ್ನು ಮಗುಚಿ ಸಣ್ಣದು ದೊಡ್ಡದು ಬೇರೆ ಮಾಡಿದಳು. ಮೂರು ಗಂಟೆ ದಾಟುವಾಗ ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಆ ರಿಪೇರಿ ಅಂಗಡಿಯಲ್ಲಿ ಮಾಡಲು ಮತ್ತೇನೂ ಉಳಿಯಲಿಲ್ಲ. ಹತ್ತಿಯೊಳಗಿನಿಂದ ಟ್ಯೂಬನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಹೆಬ್ಬೆರಳಿನಷ್ಟು ದಪ್ಪದ ಗಾಜು. ಒಳಗೆ ತೆಳು ತಂತಿಯಲ್ಲಿ ಬಾಗಿಸಿದ ಹತ್ತು ಅಂಕಿಗಳು, ಸೊನ್ನೆಯಿಂದ ಒಂಬತ್ತರವರೆಗೆ, ಒಂದರ ಬೆನ್ನಿಗೆ ಒಂದು. ಕೆಳಗೆ ಬೇರಿನ ಹಾಗೆ ಇಳಿಬಿದ್ದ ಕಾಲುಗಳು, ಒಂದೊಂದು ಅಂಕಿಗೆ ಒಂದೊಂದು. ಯಾವ ಕಾಲಿಗೆ ದಾರಿ ಬಿಡುತ್ತೇವೋ ಆ ಅಂಕಿ ಮಾತ್ರ ಉರಿಯುತ್ತದೆ, ಮಿಕ್ಕ ಒಂಬತ್ತು ಅದರ ಹಿಂದೆ ಮುಂದೆ ಕತ್ತಲಲ್ಲಿ ನಿಂತಿರುತ್ತವೆ. ಯಾವುದೋ ಲ್ಯಾಬಿನವರು ಗುಜರಿಗೆ ಹಾಕಿದ ಹಳೆಯ ಅಳತೆ ಯಂತ್ರವೊಂದರಿಂದ ಅಂಗಡಿಯ ಒಡೆಯ ಸದಾಶಿವಪ್ಪನವರು ಇಂಥ ಐದು ಟ್ಯೂಬು ಕಿತ್ತು ಮೂವತ್ತು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಮಾಡೋಣ ಮಾಡೋಣ ಎನ್ನುತ್ತಲೇ ಅವರ ಕೈಗೆ ನಡುಕ ಬಂತು. ಒಂದು ಟ್ಯೂಬಿನ ಕಾಲನ್ನು ಗಾಜಿನ ಬುಡದಲ್ಲೇ ಬಗ್ಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಟ್ಟು, ಗಾಳಿ ನುಗ್ಗಿ, ಅದು ಸತ್ತುಹೋದ ದಿನ ಡಬ್ಬಿಯನ್ನು ನಯನಳ ಮುಂದೆ ಸರಿಸಿ, "ನಿನ್ನ ಕೈ ಅಲ್ಲಾಡಂಗಿಲ್ಲವ್ವಾ, ನೀನು ಮಾಡು" ಅಂದಿದ್ದರು. ಒಂಬತ್ತನೆಯ ತರಗತಿಯಲ್ಲಿ ಎದ್ದು ನಿಂತು ಪಾಠ ಓದಲು ಹೇಳಿದಾಗ ಗಂಟಲಿನಿಂದ ಸ್ವರವೇ ಹೊರಡದೆ, ಇಡೀ ಕ್ಲಾಸು ಕಾದು, ಆಮೇಲೆ ನಕ್ಕು, ಮರುದಿನದಿಂದ ಶಾಲೆಗೆ ಹೋಗದೆ ಉಳಿದವಳಿಗೆ ಅದಕ್ಕಿಂತ ದೊಡ್ಡ ಮಾತನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಮೋಟರಿನ ಸ್ಟಾರ್ಟರ್ ಹಿಡಿದುಕೊಂಡು ಬಂದಿದ್ದ ಉಚ್ಚಂಗಪ್ಪ ಕೌಂಟರಿಗೆ ಮೊಣಕೈಯೂರಿ ನೋಡುತ್ತಿದ್ದ.

"ಏನ್ರೀ ಸದಾಶಿವಪ್ಪ, ಟೈಮು ಫೋನ್ನಾಗ ಬರ್ತತಲ್ರೀ. ಇದಕ್ಕ ಇಬ್ರೂ ನಲವತ್ತು ದಿನದಿಂದ ಕುಂತೀರಲ್ಲ."

"ಫೋನ್ನಾಗಿಂದು ಬರೇ ಚಿತ್ರ ಕಣಪ್ಪಾ. ಇದು ಖರೇನ ಉರೀತತಿ."

"ಹಂಗಾರ ಒಲಿ ಮುಂದ ಕುಂದರ್ರಿ, ಅದೂ ಉರೀತತಿ. ರೊಟ್ಟಿನಾರ ಸಿಗ್ತತಿ."

ಸದಾಶಿವಪ್ಪನವರು ಗೊಳ್ಳನೆ ನಕ್ಕರು. ನಯನ ತಲೆಯೆತ್ತಲಿಲ್ಲ. ನಲವತ್ತಲ್ಲ, ಅಜ್ಜಿ ಹೋಗಿ ನಲವತ್ತೊಂದು. ಅವಳು ಇಕ್ಕಳದಿಂದ ಒಂದೊಂದೇ ಕಾಲನ್ನು ಗಾಜಿನಿಂದ ದೂರಕ್ಕೆ ಹಿಡಿದು, ತುದಿಯನ್ನಷ್ಟೇ ಬಗ್ಗಿಸಿ, ಬೋರ್ಡಿನ ತೂತುಗಳಿಗೆ ಇಳಿಸತೊಡಗಿದಳು. ಬೋರ್ಡಿಗೂ ಗಾಜಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಬಳೆ. ಗಾಜು ಗಟ್ಟಿ ಜಾಗಕ್ಕೆ ತಾಗಿಕೊಂಡು ನಿಲ್ಲಬಾರದು, ಯಾರೋ ಮೆಲ್ಲಗೆ ಹಿಡಿದುಕೊಂಡ ಹಾಗೆ ನಿಲ್ಲಬೇಕು ಎಂದು ಅವರೇ ಹೇಳಿಕೊಟ್ಟಿದ್ದರು. ಅಜ್ಜಿಯನ್ನು ಮಗ್ಗುಲು ಬದಲಾಯಿಸಿ ಮಲಗಿಸುವಾಗಲೂ ಬೆನ್ನಿನ ಕೆಳಗೆ ಹಳೆಯ ಸೀರೆಯ ಮಡಿಕೆ ಇಡುತ್ತಿದ್ದಳು. ಹುಣ್ಣಾಗದಿರಲೆಂದು. ಅದನ್ನು ಅವಳು ಒಂದು ಹೊತ್ತೂ ಮರೆತಿರಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು, ಹಾಗೆ ಅನ್ನಿಸಿದ ಕೂಡಲೇ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಮಡಿಕೆ ಇಟ್ಟಿದ್ದೆ ಅಂತ ಯಾರ ಮುಂದೆ ಸಾಕ್ಷಿ ಹೇಳುವುದು?

ಅಜ್ಜಿ ಗುಡ್ಡಮ್ಮ ಸುಗ್ಗಿಗೆ ಮುಂಚೆ ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದಿದ್ದಳು, ಮಾತೂ ಹೋಗಿತ್ತು. ಒಕ್ಕಣೆಯ ದಿನಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಕಣದಲ್ಲಿರುತ್ತಾರೆಂದು ನಯನ ಅಂಗಡಿಗೆ ರಜೆ ಹಾಕಿ, ಟ್ಯೂಬುಗಳನ್ನೂ ಬೋರ್ಡುಗಳನ್ನೂ ಚೀಲದಲ್ಲಿಟ್ಟುಕೊಂಡು ಸೊರಬದ ಹತ್ತಿರದ ತಮ್ಮ ಊರಿಗೆ ಬಂದಿದ್ದಳು. ನಡುಮನೆಯ ಕಿಟಕಿಯ ಪಕ್ಕ ಅವಳ ಮೇಜು. ಒಳಕೋಣೆಯಲ್ಲಿ ಅಜ್ಜಿಯ ಮಂಚ. ನಡುವೆ ನಾಲ್ಕು ಹೆಜ್ಜೆ. ಏನಾದರೂ ಬೇಕಾದರೆ ಅಜ್ಜಿ ಎಡಗೈಯಲ್ಲಿ ಸ್ಟೀಲಿನ ಲೋಟ ಹಿಡಿದು ಮಂಚದ ಕಾಲಿಗೆ ಬಡಿಯುತ್ತಿದ್ದಳು. ದಿನಕ್ಕೆ ನಲವತ್ತು ಸಲ. ನೀರಿಗೆ ಬಡಿಯುತ್ತಿದ್ದಳು, ನೊಣಕ್ಕೆ ಬಡಿಯುತ್ತಿದ್ದಳು, ಸುಮ್ಮನೆ ಮುಖ ನೋಡಲೂ ಬಡಿಯುತ್ತಿದ್ದಳು. ನಯನ ಪ್ರತಿ ಸಲವೂ ಎದ್ದು ಹೋಗುತ್ತಿದ್ದಳು, ಪ್ರತಿ ಸಲವೂ. ಆ ದಿನ ಒಂದೂವರೆಗೆ ಗಂಜಿ ಕುಡಿಸಿ ಬಾಯಿ ಒರೆಸಿ ಬಂದು ಕೂತಳು. ಅಡಾಪ್ಟರಿನ ಹನ್ನೆರಡು ವೋಲ್ಟನ್ನು ನೂರ ಎಪ್ಪತ್ತಕ್ಕೆ ಏರಿಸುವ ಸಣ್ಣ ಬೋರ್ಡು ಹಿಂದಿನ ದಿನ ಅವಳ ಬೆರಳಿಗೆ ಹೊಡೆದು ಮೊಣಕೈವರೆಗೆ ಜುಮ್ಮೆನ್ನಿಸಿತ್ತು. ಅದಿಲ್ಲದೆ ಈ ಟ್ಯೂಬುಗಳು ಎಚ್ಚರಗೊಳ್ಳುವುದಿಲ್ಲ, ಅದು ಹೆಚ್ಚಾದರೆ ಸುಟ್ಟುಹೋಗುತ್ತವೆ. ನಡುವೆ ಒಂದು ರೆಸಿಸ್ಟರ್ ನಿಂತು ಸಾಕು ಸಾಕು ಅನ್ನುತ್ತಿರಬೇಕು. ಅವಳು ನಾಲ್ಕೂ ಟ್ಯೂಬುಗಳನ್ನು ಬರೀ ತಂತಿಗಳಿಂದ ತಾತ್ಕಾಲಿಕವಾಗಿ ಜೋಡಿಸಿ, ಫೋನು ನೋಡಿ ಹೊತ್ತು ಹೊಂದಿಸಿ ಕೈ ತೆಗೆದಳು. ಸೊನ್ನೆ ಎರಡು, ಒಂದು ಸೊನ್ನೆ. ಕೆಂಡಕ್ಕೆ ಬೂದಿ ಕೂರುವ ಮುಂಚೆ ಇರುವ ಬಣ್ಣ. ಮಧ್ಯಾಹ್ನದ ಬೆಳಕಿನಲ್ಲೂ ಕಾಣುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ತನ್ನ ಕೈಯಿಂದ ಏನೋ ಆಯಿತು ಎಂದು ಅವಳ ಮೈಯೆಲ್ಲ ಬಿಸಿಯಾಯಿತು. ಆಗಲೇ ಒಳಗೆ ಲೋಟ ಬಡಿದ ಸದ್ದು.

"ಬಂದೆ ಅಜ್ಜಿ" ಅಂದಳು. ಕೊನೆಯ ಸೊನ್ನೆ ಹೋಗಿ ಒಂದು ಬಂತು. ಅದು ಎರಡಾಗುವುದನ್ನು ಒಂದು ಸಲ ನೋಡಿ ಹೋಗೋಣ ಅಂದುಕೊಂಡಳು. ಮತ್ತೆ ಬಡಿಯಿತು. ಎರಡಾಗುವ ಹೊತ್ತಿಗೆ ಆ ಟ್ಯೂಬು ಮಿಣುಕಿತು, ಎಲ್ಲೋ ಬೆಸುಗೆ ಬಿಟ್ಟಿದೆ ಎಂದು ಬೆಸೆಯುವ ಐರನ್ ಕೈಗೆತ್ತಿಕೊಂಡಳು. ಮೂರನೆಯ ಸಲ ಬಡಿಯಿತೋ ಇಲ್ಲವೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನಲವತ್ತು ತಂತಿಗಳಲ್ಲಿ ಆ ಒಂದನ್ನು ಹುಡುಕಿ, ಹಿಡಿದು, ಬೆಸೆದು, ಮತ್ತೆ ಹೊತ್ತು ಹೊಂದಿಸಿ ತಲೆಯೆತ್ತಿದಾಗ ಮೂರೂ ಇಪ್ಪತ್ತಾಗಿತ್ತು. ಮನೆ ಬಹಳ ನಿಶ್ಶಬ್ದವಾಗಿದೆ ಅನ್ನಿಸಿತು. ನಾಲ್ಕು ಹೆಜ್ಜೆ. ಅಜ್ಜಿಯ ಮುಖ ಬಾಗಿಲ ಕಡೆಗೆ ತಿರುಗಿತ್ತು. ಬಾಯಿ ಅರ್ಧ ತೆರೆದು ತುಟಿ ಒಣಗಿತ್ತು.

ಅಮ್ಮ ಕಣದಿಂದ ಬಂದಾಗ ಅವಳು ಮಂಚದ ಮೇಲೆ ಅಜ್ಜಿಯ ಕೈ ಹಿಡಿದು ಕೂತಿದ್ದಳು. ಅಪ್ಪ ಬಂದ. ಸೊರಬದಿಂದ ಚೌಡೇಶ್ವರಿ ಅತ್ತೆ, ಅಜ್ಜಿಯ ಮಗಳು, ಎದೆ ಬಡಿದುಕೊಳ್ಳುತ್ತ ಬಂದು ಹೊಸ್ತಿಲಲ್ಲೇ ಕುಸಿದು ಮೊದಲು ಕೇಳಿದ್ದು, "ಯಾರಾದ್ರೂ ಇದ್ರನೇ ಹತ್ರ? ಬಾಯಿಗೆ ನೀರು ಬಿಟ್ಟೀರನೇ?" ಎಲ್ಲರೂ ನಯನಳ ಕಡೆ ನೋಡಿದರು. "ಬಿಟ್ಟೆ" ಅಂದಳು. ಒಂದೇ ಶಬ್ದ. ಅದು ಸುಲಭವಾಗಿ ಬಂತು, ಓದು ಅಂದಾಗ ಬಾರದ ಸ್ವರ. "ಎಷ್ಟೊತ್ತಿಗೆ ಹೋದ್ಲೇ ನಮ್ಮವ್ವ?" ನೀರು ಬಿಟ್ಟವಳಿಗೆ ಹೊತ್ತು ಗೊತ್ತಿರಲೇಬೇಕು. ಅವಳ ತಲೆಯಲ್ಲಿ ಉರಿಯುತ್ತಿದ್ದ ಹೊತ್ತು ಒಂದೇ. "ಎರಡೂ ಹತ್ತು." ಹಾಗಾದರೆ ಅಲ್ಲಿಂದ ಅಮ್ಮ ಬರುವವರೆಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಯಾಕೆ ಯಾರನ್ನೂ ಕರೆಯಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಮಾತಾಡದ ಹುಡುಗಿ, ಹೆದರಿ ಅಜ್ಜಿಯ ಕೈ ಹಿಡಿದುಕೊಂಡೇ ಕೂತುಬಿಟ್ಟಿದೆ ಪಾಪ ಎಂದು ಅಕ್ಕಪಕ್ಕದವರೇ ಉಳಿದದ್ದನ್ನು ತುಂಬಿಸಿದರು.

ಪಂಚಾಂಗ ನೋಡಿದ ಭಟ್ಟರು ಕನ್ನಡಕದ ಮೇಲಿಂದ ನೋಡಿದರು. "ರೇವತಿ ಎರಡೂ ನಲವತ್ತರ ತನಕ ಇದೆ. ಅದರಲ್ಲಿ ಹೋದ್ರೆ ಮೂರು ತಿಂಗಳು ಮನೆ ಬಿಡಬೇಕು. ಆಮೇಲೆ ಅಶ್ವಿನಿ, ಅದಕ್ಕೆ ಏನೂ ದೋಷ ಇಲ್ಲ. ಹೊತ್ತು ಅಂದಾಜಿಗೆ ಹೇಳ್ತಿದೀರೋ, ನೋಡಿದ್ದೋ? ನೋಡಿದ್ದಲ್ಲ ಅಂದ್ರೆ ನೀವು ಬಂದು ಕಂಡ ಹೊತ್ತನ್ನೇ ಹಿಡಿಯಣ." ಒಳ್ಳೆಯ ಮನುಷ್ಯ, ದಾರಿ ಬಿಟ್ಟುಕೊಟ್ಟಿದ್ದರು. ಊರಿನಲ್ಲಿ ಸಾವುಗಳೆಲ್ಲ ಊಟದ ಹೊತ್ತಿಗೋ ದನ ಬರುವ ಹೊತ್ತಿಗೋ ಆಗುತ್ತಿದ್ದವು, ಆ ಸಡಿಲಿನಲ್ಲಿ ನಕ್ಷತ್ರಗಳು ಸ್ವಲ್ಪ ಸರಿದು ಜಾಗ ಕೊಡುತ್ತಿದ್ದವು. ನಯನ ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ, ಅಳುತ್ತಿದ್ದ ಜಟ್ಟಪ್ಪ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಎದೆ ಸ್ವಲ್ಪ ಮುಂದೆ ಮಾಡಿ, "ಅಂದಾಜಲ್ಲ ಭಟ್ರೇ. ನನ್ನ ಮಗಳು ಗಡಿಯಾರ ಮಾಡಿದಾಳೆ. ಅದು ಒಂದು ನಿಮಿಷನೂ ತಪ್ಪಲ್ಲ" ಅಂದ. ಹೆಣದ ಮುಂದೆ ಕೂತು ಅಪ್ಪ ಅವಳ ಬಗ್ಗೆ ಹೆಮ್ಮೆ ಪಟ್ಟಿದ್ದ. ಅವಳು ಬಾಯಿ ಮುಚ್ಚಿಕೊಂಡಳು. ಕಾರ್ಯ ಮುಗಿದ ಮರುದಿನ ಪಾತ್ರೆಪಗಡ ಕಟ್ಟಿಕೊಂಡು ಹೊರಬಿದ್ದು, ಬಾಗಿಲಿಗೆ ಬೀಗ ಹಾಕಿ, ಅಪ್ಪ ಕಾರೆಮುಳ್ಳಿನ ಒಂದು ಕೊಂಬೆ ತಂದು ಅಡ್ಡ ಇಟ್ಟ. ಮುಳ್ಳು ಅವನ ಮುಂಗೈ ಗೀರಿತು.

"ಆತೇನವ್ವಾ?" ಸದಾಶಿವಪ್ಪನವರು ಕೇಳುತ್ತಿದ್ದರು. ಉಚ್ಚಂಗಪ್ಪ ಯಾವಾಗಲೋ ಹೋಗಿದ್ದ. ಕೊನೆಯ ಕಾಲಿಗೆ ಬೆಸುಗೆ ಮುಟ್ಟಿಸಿದಳು. ರಾಳದ ಹೊಗೆ ಎದ್ದು ಕಣ್ಣು ಉರಿಯಿತು. ಹಳೆಯ ರೇಡಿಯೋದ ಪೆಟ್ಟಿಗೆಯನ್ನೇ ಕತ್ತರಿಸಿ ಮಾಡಿದ ಕಟ್ಟಿನೊಳಗೆ ಬೋರ್ಡನ್ನು ಇಳಿಸಿ, ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಳು. ಅವರು ನಡುಗುವ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಮಕ್ಕಳ ಹಾಗೆ ಕಾದಿದ್ದರು. "ಹಾಕು." ಸ್ವಿಚ್ಚು ಹಾಕಿದಳು. ಹನ್ನೆರಡು, ಸೊನ್ನೆ ಸೊನ್ನೆ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಹನ್ನೆರಡರಿಂದಲೇ ಶುರುಮಾಡುತ್ತಿತ್ತು. ಈಗಿನ ಹೊತ್ತಿಗೆ ತರಲು ಹಿಂಬದಿಯ ಗುಂಡಿಯನ್ನು ಒತ್ತಿ ಹಿಡಿಯಬೇಕು, ನಿಮಿಷಗಳು ಒಂದೊಂದಾಗಿ ಓಡುತ್ತವೆ, ಹಿಂದಕ್ಕೆ ಓಡುವುದಿಲ್ಲ. ಒತ್ತಿದಳು. ಒಂದು ಗಂಟೆ ದಾಟಿತು. ಒಂದೂವರೆ, ಗಂಜಿ. ಎರಡು. ಎರಡೂ ಹತ್ತು ಎಷ್ಟು ಬೇಗ ಬಂದು ಹೋಯಿತೆಂದರೆ ಅದನ್ನು ಹಿಡಿಯಲಾಗಲಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರು. ಬೆರಳಿನ ಕೆಳಗೆ ಓಡುತ್ತಿದ್ದ ಈ ಎಪ್ಪತ್ತು ನಿಮಿಷಗಳಲ್ಲಿ ಯಾವುದೋ ಒಂದರಲ್ಲಿ ಅಜ್ಜಿ ಹೋಗಿದ್ದಳು. ಇಪ್ಪತ್ತೇಳರಲ್ಲೋ, ಮೂವತ್ತಾರರಲ್ಲೋ. ಅಥವಾ ನಲವತ್ತು ದಾಟಿ, ಯಾವ ದೋಷವೂ ಇಲ್ಲದ ಹೊತ್ತಿನಲ್ಲಿ, ಕಾದು ಕಾದು. ಪ್ರತಿಯೊಂದು ಅಂಕಿಯೂ ಬೆಳಗಿ ಆರುವಾಗ ಇದೇ ಏನೋ ಅನ್ನಿಸಿತು. ಪ್ರತಿಯೊಂದರಲ್ಲೂ ಅಜ್ಜಿ ಬಾಗಿಲ ಕಡೆ ನೋಡುತ್ತಿದ್ದಳು, ಪ್ರತಿಯೊಂದರಲ್ಲೂ ತಾನು ಮೇಜಿನ ಮುಂದೆ ಬಗ್ಗಿ ಕೂತಿದ್ದಳು. ಮೂರೂ ಇಪ್ಪತ್ತು. ಗುಂಡಿಯಿಂದ ಬೆರಳು ತೆಗೆದಳು.

"ಇನ್ನಾ ಮುಂದಕ್ಕ ತಗಾವ್ವಾ, ನಾಕೂ ಕಾಲಾತು" ಅಂದರು ಸದಾಶಿವಪ್ಪನವರು. ಅವರ ಕಣ್ಣು ಒದ್ದೆಯಾಗಿತ್ತು. ಅದು ಸಂತೋಷ. "ಮೂವತ್ತು ವರ್ಷ ಡಬ್ಬ್ಯಾಗ ಇದ್ವು ನೋಡು. ದಿನಾ ಎಲ್ಲಾ ಅಂಕೀನೂ ಒಂದೊಂದ್ ಸಲ ಉರಿಸ್ಬೇಕು. ಇಲ್ಲಾಂದ್ರ ಉರಿಯೋದರ ಮಸಿ ಉರೀದೆ ನಿಂತದ್ರ ಮ್ಯಾಲೆ ಕುಂತು, ಆಮ್ಯಾಲೆ ಉರಿಸ್ತೀನಂದ್ರೂ ಅದು ಉರಿಯಂಗಿಲ್ಲ." ಅವಳು ಹೂಂ ಅಂದು ಉಳಿದ ನಿಮಿಷಗಳನ್ನು ಓಡಿಸಿದಳು. ಇವತ್ತು ಅಪ್ಪನಿಗೆ ಹೇಳಿಬಿಡಬೇಕು. ಹೇಳಿದರೆ ನಾಳೆ ಮುಳ್ಳು ತೆಗೆಯಬಹುದು.

ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ ಸೀಟು ಸಿಕ್ಕಿತು. ಮಾತುಗಳನ್ನು ಜೋಡಿಸಿಕೊಳ್ಳುತ್ತ ಹೋದಳು, ಅವು ಬೆಸುಗೆ ಹಿಡಿಯದ ತಂತಿಗಳ ಹಾಗೆ ಕಳಚುತ್ತಿದ್ದವು. ಸೊರಬದ ಅತ್ತೆಯ ಮನೆಯಲ್ಲಿ ಅವರಿಗೆ ಕೊಟ್ಟದ್ದು ಮುಂದಿನ ಸಣ್ಣ ಕೋಣೆ. ಇಪ್ಪತ್ತೈದು ವರ್ಷ ತನ್ನ ಒಲೆಯನ್ನು ತಾನೇ ಹೊತ್ತಿಸಿದ ಅಮ್ಮ ಈಗ ಬೆಳಿಗ್ಗೆ ಬಕೆಟ್ಟು ಹಿಡಿದು ಬಚ್ಚಲು ಖಾಲಿಯಾಗುವುದನ್ನು ಕಾಯುತ್ತ ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ಉಪ್ಪಿನ ಡಬ್ಬಿ ಮುಟ್ಟುವ ಮುಂಚೆ "ತಗಳ್ಲಾ?" ಎಂದು ಕೇಳುತ್ತಿದ್ದಳು. ಮೊನ್ನೆ ಅತ್ತೆಯ ಅತ್ತೆ, "ನಿಮ್ಮಲ್ಲಿ ಸಾರಿಗೆ ಬೆಲ್ಲ ಹಾಕ್ತೀರೇನ, ನಮ್ಮಲ್ಲಿ ಯಾರೂ ಬಾಯಿಗಿಡಲ್ಲ" ಅಂದು, ಅಮ್ಮ ಮಾಡಿದ ಸಾರನ್ನು ಹಾಗೆಯೇ ದನದ ಕಲಗಚ್ಚಿನ ಬಾನಿಗೆ ಸುರಿದಿದ್ದಳು. ಅಮ್ಮ ನಕ್ಕಿದ್ದಳು. ಆ ನಗುವನ್ನು ನಯನ ನೋಡಿದ್ದಳು. ಇಷ್ಟೆಲ್ಲವನ್ನೂ ತೆಗೆದುಹಾಕಲು ಒಂದು ಮಾತು ಸಾಕು. ಆದರೆ ಅದೇ ಮನೆಯಲ್ಲಿ ಅತ್ತೆ, ಬಂದವರಿಗೆಲ್ಲ ಕಾಫಿಯ ಜೊತೆ ಆ ಒಂದು ಸಂಗತಿಯನ್ನು ಹೇಳಿ ನೆಮ್ಮದಿಯಾಗುತ್ತಿದ್ದಳು. ಸುಗ್ಗಿ ಗಡಿಬಿಡಿಯಲ್ಲಿ ಹದಿನೈದು ದಿನ ತಾನು ಅವ್ವನನ್ನು ನೋಡಲು ಹೋಗಿರಲಿಲ್ಲ, ನಾನಿಲ್ದಿದ್ರೂ ಮೊಮ್ಮಗಳ ಕೈಯಿಂದ ನೀರು ಕುಡಿದು ಹೋದ್ಲು ನಮ್ಮವ್ವ ಎಂದು. ಅದೊಂದು ಇಲ್ಲದಿದ್ದರೆ ಆ ಹದಿನೈದು ದಿನಗಳು ಅತ್ತೆಯನ್ನು ಏನು ಮಾಡುತ್ತವೋ.

ಅಪ್ಪ ಎಂದಿನಂತೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದ. ಊರಿಗೆ ಹೋಗಿ ಹಾಲು ಕರೆದು, ಮುಳ್ಳಿನ ಈಚೆ ನಿಂತು ಮನೆಯನ್ನೊಮ್ಮೆ ನೋಡಿ ಬಂದಿದ್ದ. ಕ್ಯಾನಿನ ಹಿಡಿ ಅವನ ಬೆರಳಿನಲ್ಲಿತ್ತು. "ಗಡಿಯಾರ ಎಂತಾತು?" ಎಂದು ಕೇಳಿದ.

"ಆತು."

"ಉರಿತಾ?"

"ಹೂಂ."

ಇಬ್ಬರೂ ನಡೆದರು. ಹೊತ್ತು ಮುಳುಗುತ್ತಿತ್ತು. ರೈಸ್‌ಮಿಲ್ಲಿನ ಕಾಂಪೌಂಡಿನ ಹತ್ತಿರ ಜನ ಕಡಿಮೆಯಾದಾಗ ಅವಳು ನಿಂತುಬಿಟ್ಟಳು. ಅಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿದ.

"ಅಪ್ಪಾ, ಎರಡೂ ಹತ್ತಲ್ಲ."

"ಎಂತು?"

"ಅಜ್ಜಿ ಹೋಗಿದ್ದು. ನಂಗೆ ಗೊತ್ತಿಲ್ಲ. ನಾನು ನೋಡಿದಾಗ ಮೂರೂ ಇಪ್ಪತ್ತು." ಸ್ವರ ಹೊರಡುತ್ತಿತ್ತು, ಕಿರಿದಾಗಿ, ಬೇರೆ ಯಾರದೋ ಸ್ವರದ ಹಾಗೆ. "ನೀರು ಬಿಡ್ಲಿಲ್ಲ. ಲೋಟ ಬಡಿದ್ಲು. ಎರಡು ಸಲ. ಬಂದೆ ಅಂದೆ. ಹೋಗ್ಲಿಲ್ಲ. ಅದು ಉರೀತಿತ್ತಪ್ಪಾ, ಅದನ್ನೇ ನೋಡ್ತಾ ಕೂತಿದ್ದೆ."

ಅಪ್ಪ ಕ್ಯಾನನ್ನು ಕೆಳಗಿಟ್ಟ. ಬೈಯುತ್ತಾನೆ ಅಂದುಕೊಂಡಳು, ಬೈಯಲಿ ಅಂದುಕೊಂಡಳು. ಅವನು ಮಿಲ್ಲಿನ ಗೋಡೆಯ ಕಡೆ ನೋಡುತ್ತ ನಿಂತ. ಭತ್ತದ ಹೊಟ್ಟಿನ ಧೂಳು ಅವನ ಹುಬ್ಬಿನ ಮೇಲೆ ಕೂರುತ್ತಿತ್ತು. "ಮೂರೂ ಇಪ್ಪತ್ತು" ಅಂದ. ಭಟ್ಟರ ಮಾತು ಅವನಿಗೆ ನೆನಪಾದದ್ದು ಮುಖದಲ್ಲೇ ಕಂಡಿತು. ಒಂದು ಕ್ಷಣ ಆ ಮುಖ ತೆರೆಯಿತು, ಮನೆಯ ಬಾಗಿಲು ತೆರೆದ ಹಾಗೆ. ಆಮೇಲೆ ಅದು ಮುಚ್ಚಿಕೊಳ್ಳುವುದನ್ನೂ ಅವಳು ನೋಡಿದಳು.

"ನಿಮ್ಮಮ್ಮಂಗೆ ಹೇಳಿದೀಯನೇ?"

"ಇಲ್ಲ."

"ಹೇಳ್ಬೇಡ. ಅತ್ತೆಗಂತೂ ಹೇಳ್ಲೇಬೇಡ."

"ಮನೆ ಅಪ್ಪಾ..."

"ಮನೆ ಎಲ್ಲಿಗೆ ಹೋಗ್ತದೆ? ಇನ್ನು ಏಳು ವಾರ. ಕಳೀತದೆ." ಕ್ಯಾನು ಎತ್ತಿಕೊಂಡ. ಎರಡು ಹೆಜ್ಜೆ ನಡೆದು, ಅವಳ ಕಡೆ ತಿರುಗದೆ ಕೇಳಿದ. "ಎರಡೇ ಸಲನಾ ಬಡಿದದ್ದು?"

"ಎರಡು ಕೇಳ್ತು."

ಅಪ್ಪ ನಡೆದ. ಕ್ಯಾನಿನ ಮುಚ್ಚಳ ಅವನ ನಡಿಗೆಗೆ ಅಲುಗಿ ಸದ್ದು ಮಾಡುತ್ತಿತ್ತು. ಅದನ್ನು ಅವನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡ.

ಅತ್ತೆಯ ಮನೆಗೆ ಪಕ್ಕದ ಬೀದಿಯ ರಮಾಬಾಯಿ ಬಂದು ಕೂತಿದ್ದರು. ಮಗಳ ಬಾಣಂತನಕ್ಕೆ ದೂರ ಹೋಗಿದ್ದವರು ಸುದ್ದಿ ತಿಳಿದು ಈಗ ಮಾತಾಡಿಸಲು ಬಂದಿದ್ದರು. ಅಪ್ಪನಿಗೂ ನಯನಳಿಗೂ ಅಲ್ಲೇ ಬಡಿಸಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗಲೂ ಹೊರಗೆ ಬರಲೂ ಅವಳಿಗೆ ಜಾಗ ಗೊತ್ತಾಗದ ಹಾಗೆ. ಅತ್ತೆ ಆಗಲೇ ಶುರುಮಾಡಿದ್ದಳು. "ನಾನು ಪಾಪಿ ಕಣ್ರೀ, ಹದಿನೈದು ದಿನ ಮುಖ ನೋಡಿರ್ಲಿಲ್ಲ. ಆದ್ರೂ ನಮ್ಮವ್ವನ ಪುಣ್ಯ, ಈ ಹುಡುಗಿ ಇತ್ತು. ಹೇಳೇ ನಯನಾ, ಅವರಿಗೂ ಹೇಳು. ಎಂತಾಗಿತ್ತು ಆವತ್ತು?"

ಪ್ರತಿ ಸಲವೂ ಅತ್ತೆ ಹೀಗೆ ಕೇಳುತ್ತಿದ್ದಳು, ಪ್ರತಿ ಸಲವೂ ನಯನ ತಲೆ ತಗ್ಗಿಸುತ್ತಿದ್ದಳು, ಅತ್ತೆ ತಾನೇ ಹೇಳಿ ಮುಗಿಸುತ್ತಿದ್ದಳು. ಇವತ್ತು ಅತ್ತೆ ಬಾಯಿ ತೆರೆಯುವ ಮುಂಚೆ ಅಪ್ಪ ಮಾತಾಡಿದ. ಅವ್ವ ಸತ್ತ ಮೇಲೆ ಆ ವಿಷಯವನ್ನು ಒಂದು ಸಲವೂ ಎತ್ತದಿದ್ದ ಅಪ್ಪ, ತಟ್ಟೆಯಲ್ಲಿ ಅನ್ನ ಕಲೆಸುತ್ತ, ಯಾರನ್ನೂ ನೋಡದೆ.

"ಎರಡೂ ಹತ್ತಾಗಿತ್ತಂತೆ. ಇವಳು ಗಡಿಯಾರದ ಕೆಲಸ ಮಾಡ್ತಿದ್ಲು. ಅವ್ವ ಲೋಟ ಬಡಿದ್ಲಂತೆ. ಒಂದೇ ಸಲ." ಅವನು ಅನ್ನವನ್ನು ಇನ್ನೊಮ್ಮೆ ಕಲೆಸಿದ. "ಇವಳು ಕೈಲಿದ್ದದ್ದು ಅಲ್ಲೇ ಬಿಟ್ಟು ಓಡಿದ್ಲಂತೆ. ತಲೆ ಎತ್ತಿ ತೊಡೆ ಮೇಲೆ ಇಟ್ಕಂಡು ನೀರು ಬಿಟ್ಲು. ಎರಡು ಗುಟುಕು. ಕುಡಿದು, ಇವಳ ಮುಖ ನೋಡಿ ಕಣ್ಣು ಮುಚ್ಚಿದ್ಲು."

"ಮುಖ ನೋಡಿದ್ಲಾ?" ಅತ್ತೆಗೆ ಇದು ಹೊಸದು. "ಇದನ್ನ ನೀನು ಹೇಳೇ ಇರ್ಲಿಲ್ವಲ್ಲೇ!" ಸೆರಗಿನಿಂದ ಕಣ್ಣೊತ್ತಿಕೊಂಡು, ನಗುತ್ತ, ಅಳುತ್ತ ಬಂದು ನಯನಳ ತಲೆ ಸವರಿ, ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ರಮಾಬಾಯಿ ಕೈ ಮುಗಿದರು. ಬಾಗಿಲಲ್ಲಿ ನಿಂತ ಅಮ್ಮ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು.

ಅಪ್ಪ ಎದ್ದ. ತಟ್ಟೆಯಲ್ಲಿ ಕಲೆಸಿದ ಅನ್ನ ಹಾಗೆಯೇ ಇತ್ತು. ಬಚ್ಚಲಲ್ಲಿ ಅವನು ಕೈಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಕೇಳಿಸಿತು.

"ಹೌದನೇ ನಯನಾ? ನಿನ್ನ ಮುಖ ನೋಡಿದ್ಲನೇ?"

"ಹೂಂ ಅತ್ತೆ" ಅಂದಳು ನಯನ. "ನೋಡಿದ್ಲು." ಸ್ವರ ಎಲ್ಲರಿಗೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು.